ಎರಡೂವರೆ ಕ್ವಿಂಟಲ್‌ನ ಬೈಕು

ಕೆಲವು ತಿಂಗಳ ಹಿಂದೆ ಗಂಡಸಿಯ ಅಕ್ಕನ ಮನೆಗೆ ಹೋಗಿದ್ದೆ. ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿನಿಂದ ಇಳಿಯುವ ಮೊದಲೇ ಅಕ್ಕನ ಫೋನು ಬಂತು. "ನೀನಾದರೂ ಅವನಿಗೆ ಸ್ವಲ್ಪ ಬುದ್ಧಿ ಹೇಳು. ನಾಲ್ಕು ಲಕ್ಷದ ಬೈಕು ಬೇಕಂತೆ!"

ಅವನು ಅಂದರೆ ಅಕ್ಕನ ಮಗ. ವಯಸ್ಸು ಇಪ್ಪತ್ತಾರು, ಬೆಂಗಳೂರಿನಲ್ಲಿ ಕೆಲಸ. ಹದಿನೈದು ದಿನಕ್ಕೊಮ್ಮೆ ರೈಲಿನಲ್ಲಿ ಅರಸೀಕೆರೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಊರು ಸೇರುತ್ತಾನೆ. ಇನ್ನು ಮುಂದೆ ತುಮಕೂರು, ತಿಪಟೂರು ದಾರಿಯಾಗಿ ಸ್ವಂತ ಬೈಕಿನಲ್ಲೇ ಬರುತ್ತಾನಂತೆ. ಅದೂ ಸಾಮಾನ್ಯ ಬೈಕಲ್ಲ, ರಾಯಲ್ ಎನ್‌ಫೀಲ್ಡ್‌ನ ಸೂಪರ್ ಮೀಟಿಯೋರ್ 650. ಕಾಲು ಮುಂದಕ್ಕೆ ಚಾಚಿ, ಆರಾಮ ಕುರ್ಚಿಯಲ್ಲಿ ಒರಗಿದಂತೆ ಕುಳಿತು ದೂರದ ಊರಿಗೆ ಹೋಗಲೆಂದೇ ಮಾಡಿದ ಕ್ರೂಸರ್ ಬೈಕು.

ಭಾವ ವಿರೋಧಿಸುತ್ತಾರೆಂದು ನಾನು ತಿಳಿದಿದ್ದೆ. ಆದರೆ ಅವರು ಬೈಕಿಗೆ ವಿರೋಧಿಯಾಗುವುದಾದರೂ ಹೇಗೆ? ಪ್ರಾಯದಲ್ಲಿ ಯೆಜ್ಡಿಯ ಹಿಂದೆ ಕೊಬ್ಬರಿ ಚೀಲ ಕಟ್ಟಿಕೊಂಡು ತಿಪಟೂರು ಮಾರುಕಟ್ಟೆಗೆ ಹೋಗುತ್ತಿದ್ದವರು ಅವರು. ಆ ಗಾಡಿ ನಮ್ಮ ಮೈಸೂರಿನದು. ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ತಯಾರಾಗಿ, 1996ರಲ್ಲಿ ಕಾರ್ಖಾನೆಯೇ ಬಾಗಿಲು ಹಾಕಿತು. ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಕಡ್ಡಿಯೂ ಆಗುತ್ತಿದ್ದ ಆ ಗಾಡಿಯ ಮಾತೆತ್ತಿದರೆ ಭಾವನ ಮುಖ ಈಗಲೂ ಅರಳುತ್ತದೆ.

"ಬೈಕು ತಗೋ ಬೇಟಾ. ಬಡ್ಡಿ ಸಾಲ ಮಾತ್ರ ಈ ಮನೆಗೆ ಬೇಡ" ಎಂದರು. ಅಷ್ಟೇ.

ಅವನ ಕೈಯಲ್ಲಿ ಮೂರು ಲಕ್ಷ ಇತ್ತು. ಉಳಿದದ್ದಕ್ಕೆ ಕಂತು. ಷೋರೂಮಿನವರು ತಿಂಗಳಿಗೆ ಎಷ್ಟು ಕಟ್ಟಬೇಕು ಎಂದು ಹೇಳಿದ್ದರೇ ಹೊರತು ಒಟ್ಟು ಎಷ್ಟಾಗುತ್ತದೆ ಎಂದು ಅವನೂ ಕೇಳಿರಲಿಲ್ಲ. ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದಕ್ಕಿಂತ ದೊಡ್ಡ ಬೈಕುಗಳಿಗೆ ಮೊದಲು ಸೆಸ್ ಸೇರಿ 31 ಇದ್ದದ್ದು 40 ಆಗಿದೆ. ಅದರ ಮೇಲೆ ಆಜೀವ ತೆರಿಗೆ, ಹೊಸ ಗಾಡಿಗೆ ಕಡ್ಡಾಯವಾದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ. ಹುಡುಗ ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಆಸೆ ಮಾತ್ರ ಮಡಚಲಿಲ್ಲ.

ಭಾನುವಾರ ಹಾಸನದಿಂದ ಅವನ ಗೆಳೆಯ ಅದೇ ಬೈಕಿನಲ್ಲಿ ಬಂದ. ಸುಳ್ಳೇಕೆ ಹೇಳಲಿ, ನೋಡಲು ಚೆಂದವೇ. ನಮ್ಮ ಹುಡುಗ ಹ್ಯಾಂಡ್‌ಪೋಸ್ಟ್‌ವರೆಗೆ ಓಡಿಸಿಕೊಂಡು ಹೋಗಿ ಬಂದ. ರಸ್ತೆಯಲ್ಲಿ ಏನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಮನೆಯ ಗೇಟಿನಲ್ಲಿ. ಅಲ್ಲಿ ಸ್ವಲ್ಪ ಇಳಿಜಾರು, ಜಲ್ಲಿ. ಹ್ಯಾಂಡಲ್ ತಿರುಗಿಸಿರುವಾಗಲೇ ಮುಂದಿನ ಬ್ರೇಕ್ ಒತ್ತಿದ. ನಡೆಯುವವನ ವೇಗವೂ ಇರಲಿಲ್ಲ. ಆದರೂ ಬೈಕು ಎಮ್ಮೆ ಮಲಗಿದ ಹಾಗೆ ನಿಧಾನವಾಗಿ ಪಕ್ಕಕ್ಕೆ ಮಲಗಿಬಿಟ್ಟಿತು. ಅವನು ಹಾರಿ ಬಚಾವಾದ. ಅಕ್ಕ ಚೀರಿದ ಸದ್ದಿಗೆ ಪಕ್ಕದ ತೋಟದವರೂ ಓಡಿ ಬಂದರು.

ಹುಡುಗ ಎತ್ತಲು ನೋಡಿದ, ಆಗಲಿಲ್ಲ. ಮತ್ತೊಮ್ಮೆ ನೋಡಿದ, ಊಹೂಂ.

"ತೂಕ ಎಷ್ಟು?" ಎಂದರು ಭಾವ.

"241 ಕೆ.ಜಿ. ಅಬ್ಬಾ."

"ಎರಡೂವರೆ ಕ್ವಿಂಟಲ್‌ಗೆ ಒಂಬತ್ತು ಕೆ.ಜಿ. ಕಡಿಮೆ. ಕೊಬ್ಬರಿಯಾದರೆ ಚೀಲ ಚೀಲವಾಗಿ ಇಳಿಸಬಹುದಿತ್ತು."

ಗೆಳೆಯನಿಗೆ ಎತ್ತುವ ಉಪಾಯ ಗೊತ್ತಿತ್ತು. ಮೊದಲು ಕೀ ಆಫ್ ಮಾಡಿದ. ಬಲಕ್ಕೆ ಬಿದ್ದಿದ್ದರಿಂದ ಸೈಡ್ ಸ್ಟ್ಯಾಂಡ್ ಮೊದಲೇ ಹೊರಗೆ ಎಳೆದಿಟ್ಟ. ಗೇರಿನಲ್ಲಿ ಹಾಕಿದ, ಜಾರದಿರಲೆಂದು. ಆಮೇಲೆ ಬೈಕಿಗೆ ಬೆನ್ನು ಮಾಡಿ ಸೀಟಿಗೆ ಸೊಂಟ ಆನಿಸಿ ಕುಳಿತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿಕೆ ಹಿಡಿದು, ಕಾಲಿನ ಬಲದಿಂದ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ನೂಕಿ ಎಬ್ಬಿಸಿದ. ಬಗ್ಗಿ ಎತ್ತಲು ಹೋದರೆ ನಡು ಹಿಡಿದುಕೊಳ್ಳುತ್ತದಂತೆ.

ನಾವು ತಾಯಂದಿರು ಹೆದರುವುದು ವೇಗಕ್ಕೆ. ಆದರೆ ಭಾರದ ಬೈಕು ಮೊದಲು ಪರೀಕ್ಷೆ ಮಾಡುವುದು ನಿಂತಲ್ಲೇ. ಓಡುವಾಗ ಅದು ತನ್ನಷ್ಟಕ್ಕೆ ನೇರವಾಗಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ, ಇಳಿಜಾರಿನಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ತಿರುಗಿಸುವಾಗ ಕಷ್ಟ ಕೊಡುತ್ತದೆ. ನಿಧಾನವಾಗಿ ಹೋಗುವಾಗ ಹಿಂದಿನ ಬ್ರೇಕನ್ನೇ ಬಳಸಬೇಕೆಂದು ಆ ಹುಡುಗ ಹೇಳಿಕೊಟ್ಟ. ನಮ್ಮಲ್ಲಿ 100 ಸಿಸಿ ಗಾಡಿಗೆ ಕೊಡುವ ಲೈಸೆನ್ಸ್‌ನಲ್ಲೇ 650 ಸಿಸಿ ಓಡಿಸಬಹುದು. ಯುರೋಪಿನಲ್ಲಿ ಹಾಗಲ್ಲ. ಮೊದಲು ಚಿಕ್ಕದು, ಆಮೇಲೆ ಮಧ್ಯಮ, ಅದರಲ್ಲಿ ಎರಡು ವರ್ಷ ಪಳಗಿದ ಮೇಲೆ ದೊಡ್ಡದು ಎಂದು ಮೆಟ್ಟಿಲಿದೆ. ಇಲ್ಲಿ ಆ ಮೆಟ್ಟಿಲು ಕಟ್ಟಬೇಕಾದವರು ಮನೆಯವರೇ.

ನಮ್ಮ ರಸ್ತೆಯ ಮಾತೂ ಇದೆ. ಸುಗ್ಗಿಯ ಕಾಲದಲ್ಲಿ ಅರಸೀಕೆರೆ ಕಡೆ ರಾಗಿ, ಹುರುಳಿ ಒಕ್ಕಣೆ ನಡೆಯುವುದು ಡಾಂಬರು ರಸ್ತೆಯ ಮೇಲೆಯೇ. ಆ ಹುಲ್ಲಿನ ಮೇಲೆ ಬ್ರೇಕ್ ಹಾಕಿದರೆ ಚಕ್ರ ಜಾರುತ್ತದೆ. ಊರಿಗೆರಡು ಹಂಪು ಬೇರೆ. ಈ ಬೈಕಿನ ಹೊಟ್ಟೆಗೂ ನೆಲಕ್ಕೂ 135 ಮಿಲಿಮೀಟರ್ ಅಂತರ ಮಾತ್ರ. ಕಾಲು ಮುಂದಕ್ಕೆ ಚಾಚಿ ಕೂರುವುದರಿಂದ ಗುಂಡಿ ಬಂದಾಗ ಸೀಟಿನಿಂದ ಸ್ವಲ್ಪ ಏಳುವುದಕ್ಕೂ ಆಗುವುದಿಲ್ಲ, ಪೆಟ್ಟು ನೇರ ಬೆನ್ನಿಗೆ.

ಸಹೋದರಿಯರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಹುಡುಗರು ಹೊಸ ಬೈಕಿನ ಅಂದ ಕೆಡುತ್ತದೆಂದು ಮೊದಲು ಬಿಚ್ಚಿಸುವುದು ಸೀರೆ ಗಾರ್ಡ್! ಹಿಂದೆ ಕೂರುವವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧವಾದರೂ ಮುಚ್ಚಿರಬೇಕು, ಹಿಡಿದುಕೊಳ್ಳಲು ಹಿಡಿಕೆ ಮತ್ತು ಕಾಲಿಡಲು ಜಾಗ ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಬುರ್ಖಾದ ಅಂಚು, ದುಪಟ್ಟದ ತುದಿ ಚಕ್ರಕ್ಕೋ ಚೈನಿಗೋ ಸಿಕ್ಕಿದರೆ ಎಳೆದು ಕೆಡವಲು ಕ್ಷಣ ಸಾಕು. ಅಂಚನ್ನು ಎತ್ತಿ ತೊಡೆಯ ಕೆಳಗೆ ಸಿಕ್ಕಿಸಿಯೇ ಕುಳಿತುಕೊಳ್ಳಿ. ಭಾರದ ಬೈಕಿನಲ್ಲಿ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತರೆ ಓಡಿಸುವವನ ತೂಕ ತಪ್ಪುತ್ತದೆ. ಸಲ್ವಾರ್ ತೊಟ್ಟು ಎರಡೂ ಕಡೆ ಕಾಲು ಹಾಕಿ ಕೂರುವುದೇ ಕ್ಷೇಮ. ಹೆಲ್ಮೆಟ್ ಅಂತೂ ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೆ 2016ರ ಜನವರಿಯಿಂದಲೇ ಕಡ್ಡಾಯ. ಗಂಡನ ತಲೆಗೆ ಐಎಸ್‌ಐ ಗುರುತಿನದು, ಹೆಂಡತಿಯ ತಲೆಗೆ ರಸ್ತೆ ಬದಿಯ ಟೋಪಿ! ಇದನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ?

ಆ ರಾತ್ರಿ ಊಟಕ್ಕೆ ಕುಳಿತಾಗ ಬೈಕಿನ ಮಾತು ಯಾರೂ ಎತ್ತಲಿಲ್ಲ. ಕೊನೆಗೆ ಹುಡುಗನೇ ಹೇಳಿದ: "ಅಬ್ಬಾ, 350 ನೋಡುತ್ತೇನೆ. ಸಾಲ ಬೇಕಾಗುವುದಿಲ್ಲ."

ಮೀಟಿಯೋರ್ 350 ಕೂಡ ಕ್ರೂಸರೇ, ಭಾರವೂ ಕಡಿಮೆಯೇನಲ್ಲ, 191 ಕೆ.ಜಿ. ನನ್ನನ್ನು ಕೇಳಿದರೆ ಬೆಂಗಳೂರಿನಿಂದ ಬರಲು ಈಗಲೂ ರೈಲೇ ವಾಸಿ. ಆದರೆ ಎಲ್ಲವನ್ನೂ ಬೇಡ ಬೇಡ ಎಂದರೆ ಪ್ರಾಯದ ಮಕ್ಕಳು ನಮಗೆ ಹೇಳುವುದನ್ನೇ ಬಿಡುತ್ತಾರೆ. ಭಾವ ಎರಡು ಷರತ್ತು ಹಾಕಿದರು. ಮಗ್ರಿಬ್ ಆದ ಮೇಲೆ ದೀಪವಿಲ್ಲದ ಟ್ರಾಕ್ಟರುಗಳ ಆ ರಸ್ತೆಯಲ್ಲಿ ಬರಕೂಡದು. ತಿಪಟೂರಿನಲ್ಲಿ ನಿಲ್ಲಿಸಿ ಅಮ್ಮನಿಗೆ ಫೋನು ಮಾಡಬೇಕು.

ಬೈಕು ಬಂದ ದಿನ ಭಾವ ಕೀ ಕೇಳಲಿಲ್ಲವಂತೆ. ಎಂಜಿನ್ ಆಫ್ ಇರುವಾಗಲೇ ಅಂಗಳದಲ್ಲಿ ಮಗನಿಂದ ಹತ್ತು ಸಲ ಹಿಂದಕ್ಕೂ ಮುಂದಕ್ಕೂ ತಳ್ಳಿಸಿದರಂತೆ. ಮಿಕ್ಕ ಹಣದಲ್ಲಿ ಎರಡು ಒಳ್ಳೆಯ ಹೆಲ್ಮೆಟ್, ಒಂದು ಜಾಕೆಟ್, ಕೈಗವಸು ಬಂದವು.

ಕಳೆದ ವಾರ ಅಕ್ಕ ಫೋನು ಮಾಡಿದ್ದಳು. ಬೇಲೂರಿನ ಸಂಬಂಧಿಕರ ಮನೆಗೆ ಮಗನ ಹಿಂದೆ ಕುಳಿತು ಹೋಗಿ ಬಂದಳಂತೆ. ಹಳೇಬೀಡಿನಲ್ಲಿ ನಿಲ್ಲಿಸಿ ಚಹಾ ಕುಡಿದರಂತೆ.

"ಹೆದರಿಕೆಯಾಯಿತಾ?" ಎಂದೆ.

"ಹೆದರಿಕೆ ಏನೂ ಇಲ್ಲ. ತುಂಬಾ ನಿಧಾನ ಓಡಿಸುತ್ತಾನೆ ಕಣೇ. ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರ್, ಬಸ್ಸಿನವರೆಲ್ಲಾ ನಮ್ಮನ್ನು ದಾಟಿ ಹೋದರು!"