ಕ್ಯೂಆರ್ ಕೋಡ್ ಹೇಳುವ ಲೆಕ್ಕ: ಹೊಸೂರು ಗಡಿಯ ವ್ಯಾಪಾರಿಗಳಿಗೂ ಇದೆ ಪಾಠ

2025ರ ಜುಲೈಯಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ಹೊಸ ಬೋರ್ಡ್ ಬಿದ್ದಿತ್ತು: ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’. 2021-22ರಿಂದ 2024-25ರವರೆಗಿನ ಯುಪಿಐ ಜಮೆಯ ಮಾಹಿತಿ ತರಿಸಿಕೊಂಡ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸುಮಾರು 14,000 ವ್ಯಾಪಾರಿಗಳನ್ನು ಗುರುತಿಸಿ, ಸಾವಿರಾರು ಮಂದಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸ್ ಸುಮಾರು 29 ಲಕ್ಷ ರೂಪಾಯಿಯದ್ದು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ!

ಪ್ರತಿಭಟನೆಯ ಬಿಸಿ ಏರಿದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ಮೀರಿದವರು ನೋಂದಣಿ ಮಾಡಿಸಿಕೊಳ್ಳಲೇಬೇಕು ಎಂದರು. ಗಲಾಟೆ ತಣ್ಣಗಾಯಿತು. ಪ್ರಶ್ನೆ ಮಾತ್ರ ಹಾಗೇ ಉಳಿಯಿತು: ಗಿರಾಕಿ ಸ್ಕ್ಯಾನ್ ಮಾಡಿ ಕೊಟ್ಟ ಹತ್ತು ರೂಪಾಯಿಯ ಲೆಕ್ಕ ಯಾರ ಕೈಗೆಲ್ಲಾ ಹೋಗುತ್ತದೆ?

ಅತ್ತಿಬೆಲೆ ದಾಟಿದರೆ ಹೊಸೂರು. ಕನ್ನಡ, ತೆಲುಗು, ತಮಿಳು, ಉರ್ದು ಎಲ್ಲವೂ ಕೇಳಿಸುವ ಕೃಷ್ಣಗಿರಿ ಜಿಲ್ಲೆಯ ಈ ಊರಿಗೆ ಬೆಂಗಳೂರೇ ದೊಡ್ಡ ಮಾರುಕಟ್ಟೆ. ‘ನೋಟಿಸ್ ಕೊಟ್ಟದ್ದು ಕರ್ನಾಟಕ, ನಮಗೇನು?’ ಎಂದು ಇಲ್ಲಿನ ಅಂಗಡಿಯವರು ಸುಮ್ಮನಿರುವಂತಿಲ್ಲ. ಜಿಎಸ್‌ಟಿ ದೇಶಕ್ಕೆಲ್ಲಾ ಒಂದೇ. ಗಡಿಯವರಿಗಂತೂ ಒಂದು ಗಂಟು ಹೆಚ್ಚೇ ಇದೆ.

ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಬೇಡ. ಆದರೆ ಈ 40 ಲಕ್ಷದ ರಿಯಾಯಿತಿ ಇರುವುದು ರಾಜ್ಯದೊಳಗೆ ಮಾರುವವರಿಗೆ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಕಳಿಸಿದರೆ, ಕರಕುಶಲ ವಸ್ತುವಿನಂಥ ಕೆಲವು ವಿನಾಯಿತಿ ಬಿಟ್ಟು, ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಹೊಸೂರಿನ ಯುವಕನೊಬ್ಬ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತಗೊಂಡು ಬೊಮ್ಮಸಂದ್ರಕ್ಕೆ ಬಟ್ಟೆಯ ಪಾರ್ಸೆಲ್ ಕಳಿಸಿದರೆ ಅದು ಅಂತಾರಾಜ್ಯ ವ್ಯಾಪಾರ. ಅರ್ಧ ಗಂಟೆಯ ದಾರಿ ಎಂಬುದು ಕಾನೂನಿಗೆ ಲೆಕ್ಕವಿಲ್ಲ. ಶೇ. 1ರ ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೂ ಸರಕನ್ನು ಗಡಿಯಾಚೆ ಮಾರುವ ಅವಕಾಶ ಇಲ್ಲ. ಆನ್‌ಲೈನ್ ಮಾರಾಟದ ಹುಮ್ಮಸ್ಸಿನಲ್ಲಿ ಇದನ್ನು ಮರೆಯುವುದು ಸುಲಭ.

ಇನ್ನು ಖಾಸಗಿತನದ ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಾಗಂತ ತೆರಿಗೆ ಇಲಾಖೆ ಮಾಹಿತಿ ಕೇಳಲೇಬಾರದು ಎಂದಲ್ಲ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 151 ಆ ಅಧಿಕಾರ ಕೊಡುತ್ತದೆ. ಆದರೆ ಅದೇ ತೀರ್ಪು ಹೇಳುವಂತೆ, ಕಾನೂನಿನ ಬಲ ಇದ್ದರೆ ಸಾಲದು, ಕ್ರಮವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಖಾತೆಗೆ ಬಿದ್ದದ್ದೆಲ್ಲಾ ವ್ಯಾಪಾರ ಎಂದು ಲೆಕ್ಕ ಹಾಕಿ ನೋಟಿಸ್ ಕಳಿಸುವುದು ಆ ಅಳತೆಗೆ ನಿಲ್ಲುವುದು ಕಷ್ಟ.

ಯಾಕೆಂದರೆ ಸಮುದಾಯದ ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಒಂದೇ, ಬಳಕೆ ಹತ್ತು. ಗಲ್ಫಿನಲ್ಲಿರುವ ಅಣ್ಣ ಮನೆಗೆಂದು ಕಳಿಸಿದ ಹಣ, ಸ್ನೇಹಿತ ತೀರಿಸಿದ ಕೈಸಾಲ, ಮದ್ರಸ ಕಮಿಟಿಯ ವಂತಿಗೆ, ಎಲ್ಲವೂ ಅದೇ ಖಾತೆಗೆ. ಯಂತ್ರಕ್ಕೆ ಇವೆಲ್ಲಾ ಒಂದೇ ‘ಜಮೆ’. ವ್ಯಾಪಾರಕ್ಕೆ ಬೇರೆ ಖಾತೆ, ಮನೆಗೆ ಬೇರೆ ಖಾತೆ, ಕಮಿಟಿಗೆ ಕಮಿಟಿಯದ್ದೇ ಖಾತೆ: ಈ ಶಿಸ್ತಿಗೆ ಖರ್ಚೇನೂ ದೊಡ್ಡದಲ್ಲ. ನೋಟಿಸ್ ಬಂದರೆ ಬಚ್ಚಿಡುವುದಲ್ಲ, ಗಡುವಿನೊಳಗೆ ದಾಖಲೆ ಸಹಿತ ಲಿಖಿತ ಉತ್ತರ ಕೊಡಬೇಕು. ತೆರಿಗೆ ಇಲ್ಲದ ಸರಕೆಷ್ಟು, ತೆರಿಗೆ ಇರುವುದೆಷ್ಟು ಎಂಬ ಖರೀದಿ ಬಿಲ್ಲುಗಳೇ ಆಗ ಕಾಯುವುದು.

ಇನ್ನೊಂದು ಮಗ್ಗುಲೂ ಇದೆ. ‘ನನ್ನ ಲೆಕ್ಕ ಅವರಿಗ್ಯಾಕೆ’ ಎನ್ನುವ ಅಂಗಡಿಯವನ ಮೊಬೈಲಿನಲ್ಲಿ ನೂರಾರು ಗಿರಾಕಿಗಳ ನಂಬರು, ವಿಳಾಸ, ಕೆಲವೊಮ್ಮೆ ಆಧಾರ್ ಫೋಟೊ ಕೂಡ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಬಾಧ್ಯತೆಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಸಮ್ಮತಿ ಪಡೆಯುವುದು, ಕೆಲಸ ಮುಗಿದ ಮೇಲೆ ಅಳಿಸುವುದು, ಸೋರಿಕೆಯಾದರೆ ತಿಳಿಸುವುದು ಇದರ ಸಾರ. ಸುರಕ್ಷತೆಯಲ್ಲಿ ಎಡವಿದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಸಣ್ಣ ಅಂಗಡಿಗೆ ಅಷ್ಟು ಬೀಳದಿರಬಹುದು. ಆದರೆ ಗಿರಾಕಿಯ ನಂಬರನ್ನು ಕೇಳದೇ ಗ್ರೂಪಿಗೆ ಸೇರಿಸುವುದು, ಇನ್ನೊಬ್ಬರಿಗೆ ಕೊಡುವುದು ಅಮಾನತ್ತಿಗೆ ಮಾಡುವ ದ್ರೋಹ ಎಂಬುದಕ್ಕೆ ಕಾಯ್ದೆಯೇ ಬೇಕಿಲ್ಲ.

ಕ್ಯಾಶ್‌ಗೆ ಮರಳುವುದು ಪರಿಹಾರವಲ್ಲ. ಬ್ಯಾಂಕ್ ಸಾಲ ಕೇಳುವಾಗ ಅದೇ ಯುಪಿಐ ದಾಖಲೆ ಸಣ್ಣ ವ್ಯಾಪಾರಿಯ ಬಲ. ಸರಕಾರ ಮೊದಲು ತಿಳುವಳಿಕೆ ಕೊಟ್ಟು ಆಮೇಲೆ ನೋಟಿಸ್ ಕೊಡಬೇಕು. ಜಮಾಅತ್‌ಗಳು, ಯುವಕ ಸಂಘಟನೆಗಳು ಊರಿನ ಒಬ್ಬ ಲೆಕ್ಕಪರಿಶೋಧಕರನ್ನು ಕರೆಸಿ ಒಂದು ಸಂಜೆ ಮಾಹಿತಿ ಶಿಬಿರ ಮಾಡಿದರೂ ಸಾಕು, ಹತ್ತಾರು ಅಂಗಡಿಗಳ ಬಾಗಿಲು ಮುಚ್ಚದೆ ಉಳಿಯಬಹುದು.