ಮೊದಲು ರಕ್ತ, ಆಮೇಲೆ ಮಾತ್ರೆ

ಜ್ವರ ಬಂತೆಂದರೆ ಮೊದಲು ರಕ್ತ ಪರೀಕ್ಷೆ. ಮಂಗಳೂರಿಗೆ ಮಲೇರಿಯಾ ಕಲಿಸಿದ ಶಿಸ್ತು ಇದು. ಆದರೆ ಮಲೇರಿಯಾ ಇಲ್ಲ, ಡೆಂಗಿಯೂ ಇಲ್ಲ ಎಂದು ರಿಪೋರ್ಟ್ ಬಂದದ್ದೇ ತಡ, ಆ ಶಿಸ್ತು ಮಂಗಮಾಯ. "ಕಳೆದ ಸಲದ್ದೇ ಕೊಡಿ ಮಾರಾಯ್ರೆ" ಎಂದು ಮೆಡಿಕಲ್ ಶಾಪಿನಲ್ಲಿ ಕೇಳುತ್ತೇವೆ. ಚೀಟಿಯಿಲ್ಲದೆ ಕೆಂಪು ಗೆರೆಯ ಆ್ಯಂಟಿಬಯೋಟಿಕ್ ಮಾತ್ರೆ ಕೊಡುವವರೂ ಇದ್ದಾರೆ.

ಇದಕ್ಕೆ ಯಾರು ಬೆಲೆ ತೆರುತ್ತಾರೆ ಗೊತ್ತೇ? ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರು, ಕೃತಕ ಕವಾಟ ಹಾಕಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು. ಒಸಡಿನಿಂದಲೋ ಚರ್ಮದಿಂದಲೋ ರಕ್ತಕ್ಕಿಳಿದ ಬ್ಯಾಕ್ಟೀರಿಯಾ ಕವಾಟದ ಮೇಲೆ ನೆಲೆಯೂರುತ್ತದೆ. ಎರಡು ದಿನದ ಮಾತ್ರೆಗೆ ಅದು ಸಾಯುವುದಿಲ್ಲ. ರಕ್ತದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಕಲ್ಚರ್ ಬಾಟಲಿಯಲ್ಲಿ ಬೆಳೆಯದಷ್ಟು ಅಡಗಿಕೊಳ್ಳುತ್ತದೆ, ಅಷ್ಟೆ. ಮುಂದಿನ ನಾಲ್ಕರಿಂದ ಆರು ವಾರ ವೈದ್ಯರು ಹೆಸರೇ ತಿಳಿಯದ ವೈರಿಗೆ ಅಂದಾಜಿನಲ್ಲಿ ಇಂಜೆಕ್ಷನ್ ಕೊಡಬೇಕು.

ಹೆಸರೊಂದು ತಿಳಿದರೂ ಸಾಲದು. ಬಾಯಿಯಲ್ಲಿ ವಾಸಿಸುವ ಸ್ಟ್ರೆಪ್ಟೊಕಾಕಸ್‌ಗಳು ತಮ್ಮತಮ್ಮೊಳಗೆ ವಂಶವಾಹಿಗಳ ತುಣುಕುಗಳನ್ನು ಕೊಟ್ಟು ತೆಗೆದುಕೊಳ್ಳುತ್ತವೆ. ನ್ಯುಮೋನಿಯಾ ತರುವ ನ್ಯುಮೊಕಾಕಸ್ ಕೂಡ ಪೆನಿಸಿಲಿನ್ ತಡೆಯುವ ತುಣುಕುಗಳನ್ನು ಈ ನೆಂಟರಿಂದಲೇ ಪಡೆದಿದೆ. ಹಾಗಾಗಿ ಒಂದೇ ಹೆಸರಿನ ಎರಡು ತಳಿಗಳಲ್ಲಿ ಒಂದು ಪೆನಿಸಿಲಿನ್‌ಗೆ ಬಗ್ಗೀತು, ಇನ್ನೊಂದು ಬಗ್ಗದೆ ಇದ್ದೀತು. ಸ್ಟ್ಯಾಫಿಲೊಕಾಕಸ್ ಆರಿಯಸ್‌ಗೆ 'ಮೆಕ್-ಎ' ಎಂಬ ಒಂದೇ ಜೀನ್ ಸಿಕ್ಕರೆ ಸಾಕು, ಪೆನಿಸಿಲಿನ್ ಬಳಗದ ಬಹುತೇಕ ಔಷಧಿಗಳು ವ್ಯರ್ಥ. ರುಮ್ಯಾಟಿಕ್ ಜ್ವರಕ್ಕೆ ಮೂಲವಾದ ಗಂಟಲಿನ ಸ್ಟ್ರೆಪ್ಟೊಕಾಕಸ್‌ನಲ್ಲಂತೂ 200ಕ್ಕೂ ಹೆಚ್ಚು ಬಗೆಗಳಿವೆ. ಅದಕ್ಕೆ ಇಂದಿಗೂ ಲಸಿಕೆಯಿಲ್ಲ. ಈ ವೈವಿಧ್ಯದ ಲೆಕ್ಕ ಪರದೇಶದ ಪುಸ್ತಕದಲ್ಲಿ ಸಿಗದು, ನಮ್ಮೂರಿನ ರೋಗಿಗಳ ರಕ್ತದಲ್ಲೇ ಸಿಗಬೇಕು. ಪರೀಕ್ಷೆಗೆ ಮುನ್ನವೇ ಮಾತ್ರೆ ನುಂಗಿ ಆ ಪುರಾವೆಯನ್ನು ಅಳಿಸುವವರು ನಾವೇ.

1848ರ ವೆನ್ಲಾಕ್, 1880ರ ಫಾದರ್ ಮುಲ್ಲರ್, ಕೆಎಂಸಿ, ದೇರಳಕಟ್ಟೆಯ ಕಾಲೇಜುಗಳು: ಇಷ್ಟೊಂದು ಆಸ್ಪತ್ರೆಗಳಿರುವ ಊರಿಗೆ ನೆಪ ಹೇಳುವ ಹಕ್ಕಿಲ್ಲ. ಕವಾಟದ ಸೋಂಕಿನಲ್ಲಿ ಸಿಕ್ಕ ಪ್ರತಿ ತಳಿಯನ್ನೂ ಕಾಪಿಡಿ, ಜೀನೋಮ್ ಓದಿ, ಫಲಿತಾಂಶವನ್ನು ಪರಸ್ಪರ ಹಂಚಿಕೊಳ್ಳಿ. ಪೈಪೋಟಿ ಜಾಹೀರಾತು ಫಲಕಗಳಿಗಿರಲಿ. ತಲಪಾಡಿ ದಾಟಿದರೆ ಕೇರಳ. ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾರುವವರ ಮೇಲೆ ಅಲ್ಲಿ 2024ರಲ್ಲಿ 'ಆಪರೇಷನ್ ಅಮೃತ್' ಶುರುವಾಯಿತು. ನಮ್ಮ ಔಷಧ ವ್ಯಾಪಾರಿಗಳು ದಾಳಿಗೆ ಕಾಯಬೇಕೇ? ಡಾಕ್ಟರೇ, ಕವಾಟದ ತೊಂದರೆಯಿದ್ದವರಿಗೆ ಜ್ವರ ಬಿಡದಿದ್ದರೆ ಮೊದಲ ಆ್ಯಂಟಿಬಯೋಟಿಕ್‌ಗೆ ಮುನ್ನವೇ ಕಲ್ಚರ್‌ಗೆ ರಕ್ತ ತೆಗೆಯಿರಿ. ಒಂದಲ್ಲ, ಮೂರು ಸಲ, ಬೇರೆ ಬೇರೆ ಕಡೆಯಿಂದ.

ಇನ್ನು ನೀವು, ಓದುಗರೇ: ಮನೆಯ ಡ್ರಾಯರಿನಲ್ಲಿ ಉಳಿದಿರುವ ಆ ಅರ್ಧ ಸ್ಟ್ರಿಪ್ಪನ್ನು ಯಾರ ಜ್ವರಕ್ಕೂ ಕೊಡಬೇಡಿ.