ಕೈಯೂ ದುಡಿದರೆ ಸೈಕಲ್ ಓಡೀತೆ?

ಅಬಲೂರಿನ ಪಾಲಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಒಂಬತ್ತನೇ ತರಗತಿಯ ಅವರ ಮಗ ಮೊಬೈಲಿನಲ್ಲಿ ಒಂದು ಸೈಕಲ್ ನೋಡಿದ್ದಾನೆ. ಕಾಲಿಗೆ ಪೆಡಲ್ ಇರುವಂತೆ ಹ್ಯಾಂಡಲ್ ಇರುವಲ್ಲಿ ಕೈಗೂ ಪೆಡಲ್. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅದನ್ನೇ ಮಾಡುತ್ತೇನೆಂದು ಹಟ ಹಿಡಿದಿದ್ದಾನೆ. ವೆಲ್ಡಿಂಗ್ ಅಂಗಡಿಯವರು ಹೇಳಿದ ಖರ್ಚು ಕೇಳಿ ತಂದೆಗೆ ಚಿಂತೆ. “ಬ್ಯಾಡ ಅಂದ್ರ ಹುಡುಗನ ಉಮೇದು ಹೋಗತೈತಿ, ಹೂಂ ಅಂದ್ರ ರೊಕ್ಕ ಹೋಗತೈತಿ. ಏನ್ ಮಾಡ್ಲಿ ಸರ?” ಎಂದು ಕೇಳಿದ್ದಾರೆ.

ಹುಡುಗನ ವಾದ ಸರಳವಾಗಿದೆ. ಸೈಕಲ್ ತುಳಿಯುವಾಗ ಕೈ ಸುಮ್ಮನೆ ಕೂತಿರುತ್ತದೆ, ಅದನ್ನೂ ದುಡಿಸಿದರೆ ವೇಗ ಹೆಚ್ಚಬೇಕು. ಇದು ಹೊಸ ವಿಚಾರವೂ ಅಲ್ಲ. ಇಂಥ ಗಾಡಿಗಳಿಗೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಪೇಟೆಂಟ್ ಪಡೆದವರಿದ್ದಾರೆ. ಆದರೂ ನಮ್ಮ ಓಣಿಯಲ್ಲಿ ಒಂದೂ ಓಡಾಡುತ್ತಿಲ್ಲ. ಯಾಕೆ?

ಕಾಲು ಎಂಜಿನ್ ಅಲ್ಲ ಎಂಬುದು ಮೊದಲ ಕಾರಣ. ಸ್ನಾಯುಗಳು ಹೊತ್ತುಗಟ್ಟಲೆ ದುಡಿಯಬೇಕಾದರೆ ಆಮ್ಲಜನಕ ಬೇಕು. ಅದನ್ನು ಹೊತ್ತು ತರುವುದು ರಕ್ತ, ರಕ್ತವನ್ನು ತಳ್ಳುವುದು ಹೃದಯ. ತೊಡೆಯ ಸ್ನಾಯುಗಳು ಎಷ್ಟು ದೊಡ್ಡವೆಂದರೆ, ಜೋರಾಗಿ ತುಳಿಯುವಾಗ ಹೃದಯ ಪೂರೈಸಬಲ್ಲದ್ದರಲ್ಲಿ ಬಹುಪಾಲನ್ನು ಅವೇ ಬಳಸಿಕೊಳ್ಳುತ್ತವೆ. ಒಂದೇ ಬೋರಿನ ನೀರನ್ನು ಎರಡು ಹೊಲಕ್ಕೆ ಬಿಟ್ಟಂತೆ. ಪೈಪು ಎರಡಾದರೂ ಮೋಟಾರು ಒಂದೇ. 1977ರಲ್ಲಿ ಡೆನ್ಮಾರ್ಕಿನ ನೀಲ್ಸ್ ಸೆಕರ್ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ಕಾಲಿನ ಕೆಲಸದ ಜೊತೆ ಕೈಕೆಲಸ ಸೇರಿಸಿದಾಗ ಕಾಲಿಗೆ ಹೋಗುವ ರಕ್ತವೇ ಕಡಿಮೆಯಾಯಿತು. ಮುಂದಿನ ಎಲ್ಲ ಪ್ರಯೋಗಗಳಲ್ಲೂ ಇದು ಅಷ್ಟು ಸ್ಪಷ್ಟವಾಗಿ ಕಂಡಿಲ್ಲವೆನ್ನಿ. ಆದರೆ ಕೈ ಸೇರಿತೆಂದು ದೇಹದ ಒಟ್ಟು ಸಾಮರ್ಥ್ಯ ದುಪ್ಪಟ್ಟಾಗುವುದಂತೂ ಇಲ್ಲ.

ಕೆಲವೇ ಸೆಕೆಂಡುಗಳ ದೌಡಿನ ಮಾತು ಬೇರೆ. ಅಲ್ಲಿ ಆಮ್ಲಜನಕ ಬರುವವರೆಗೆ ಕಾಯಬೇಕಿಲ್ಲ, ಕೈಬಲ ನೆರವಿಗೆ ಬರುತ್ತದೆ. ಏರು ಬಂದಾಗ ಸೀಟಿನಿಂದ ಎದ್ದು, ಹ್ಯಾಂಡಲ್ ಜಗ್ಗಿ ಹಿಡಿದು ತುಳಿಯುತ್ತೀರಲ್ಲ, ಅಲ್ಲಿ ಕೈ ಈಗಾಗಲೇ ದುಡಿಯುತ್ತಿದೆ!

ಇನ್ನು ಗಾಳಿ. ಗಾಳಿಯನ್ನು ಸೀಳಿ ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಕೈಯಿಂದ ಶೇ. 20ರಷ್ಟು ಹೆಚ್ಚು ಶಕ್ತಿ ಸಿಕ್ಕಿತೆಂದು ಧಾರಾಳವಾಗಿಯೇ ಹಿಡಿಯೋಣ. 1.2ರ ಘನಮೂಲ ಸುಮಾರು 1.06. ಗಾಳಿಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಗಂಟೆಗೆ 20 ಕಿ.ಮೀ. ಹೋಗುವವನು 21 ಕಿ.ಮೀ.ಗಿಂತ ತುಸು ಹೆಚ್ಚು ಹೋದಾನು. ಇನ್ನೊಂದು ಚೈನು, ಇನ್ನೊಂದು ಜೊತೆ ಪೆಡಲ್, ಅವುಗಳ ಭಾರ ಮತ್ತು ಘರ್ಷಣೆ ಅದರಲ್ಲೂ ಪಾಲು ಕೇಳುತ್ತವೆ.

ಗ್ರಾಂ ಗ್ರಾಂ ಲೆಕ್ಕ ಹಾಕುವವರು ಏನು ಮಾಡಿದರು ನೋಡಿ. 1979ರ ಜೂನ್ 12ರಂದು ಬ್ರಯಾನ್ ಅಲೆನ್ ಎಂಬಾತ ‘ಗಾಸಮರ್ ಆಲ್ಬಟ್ರಾಸ್’ ಎಂಬ ವಿಮಾನವನ್ನು ಪೆಡಲ್ ತುಳಿದೇ ಹಾರಿಸಿ ಇಂಗ್ಲಿಷ್ ಕಡಲ್ಗಾಲುವೆ ದಾಟಿದ. 2016ರಲ್ಲಿ ಅಮೆರಿಕದ ನೆವಾಡಾದ ಸಪಾಟು ರಸ್ತೆಯಲ್ಲಿ ಟಾಡ್ ರೈಕರ್ಟ್, ಮೊಟ್ಟೆಯಂಥ ಹೊದಿಕೆಯ ಸೈಕಲ್ಲಿನಲ್ಲಿ ಮಲಗಿ ತುಳಿದು ಗಂಟೆಗೆ 144.17 ಕಿ.ಮೀ. ವೇಗ ಮುಟ್ಟಿದ. ಎರಡರಲ್ಲೂ ದುಡಿದದ್ದು ಕಾಲು. ಕೈಯನ್ನು ಗಾಡಿಯ ನಿಯಂತ್ರಣಕ್ಕೆ ಬಿಟ್ಟಿದ್ದರು.

ನನ್ನ ದೊಡ್ಡ ಅನುಮಾನವೂ ಅಲ್ಲೇ ಇರುವುದು. ತಿರುಗುವ ಹಿಡಿಕೆಯನ್ನು ಹಿಡಿದೇ ಗಾಡಿ ತಿರುಗಿಸಬೇಕು, ಅಲ್ಲಿಂದಲೇ ಬ್ರೇಕೂ ಹಾಕಬೇಕು. ಸುಗ್ಗಿಯಲ್ಲಿ ನಮ್ಮ ಹಿರೇಕೆರೂರು ಕಡೆಯ ರಸ್ತೆ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಒಂದು ಬದಿ ಗೋವಿನಜೋಳ ಹರಡಿರುತ್ತದೆ, ಇನ್ನೊಂದು ಬದಿಯಿಂದ ಎಮ್ಮೆ ಅಡ್ಡ ಬರುತ್ತದೆ.

ಕೈಪೆಡಲಿಗೆ ನಿಜವಾದ ಜಾಗ ಒಂದಿದೆ. ಕಾಲಿನ ಶಕ್ತಿ ಕಳೆದುಕೊಂಡವರ ಮೂರು ಗಾಲಿಯ ಸೈಕಲ್ ನಮ್ಮ ಊರುಗಳಲ್ಲೂ ಇದೆ. ಬೀಳುವ ಭಯ ಕಡಿಮೆ. ಆದರೆ ಸಾಮಾನ್ಯವಾಗಿ ಗೇರಿಲ್ಲದ್ದರಿಂದ ಏರಿನಲ್ಲಿ ತೋಳು ಸೋಲುತ್ತದೆ. ಹುಡುಗ ತಲೆ ಓಡಿಸುವುದಾದರೆ ಇದು ಬಲು ಒಳ್ಳೆಯ ಲೆಕ್ಕ.

ಹಾಗೆಂದು ನನ್ನ ಮಾತು ಕೇಳಿ ಅವನನ್ನು ಸುಮ್ಮನಾಗಿಸಬೇಡಿ. ಮೊದಲು ಮನೆಯ ಸೈಕಲ್ಲನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಲಿ. ಹಿಂದಿನ ಗಾಲಿ ಬಿಗಿಯಾಗಿ ತಿರುಗುವಂತೆ ಹಳೆ ಟ್ಯೂಬಿನ ಪಟ್ಟಿ ಒತ್ತಿಸಿ ಕಟ್ಟಿ, ಪಕ್ಕದಲ್ಲಿ ಕೂತು ಐದು ನಿಮಿಷ ಕೈಯಿಂದ ಪೆಡಲ್ ತಿರುವಲಿ. ತಂಗಿಯೋ ಗೆಳೆಯನೋ ನಾಡಿ ಎಣಿಸಲಿ. ದಣಿವಾರಿದ ಮೇಲೆ ಸೀಟಿನಲ್ಲಿ ಕೂತು ಅಷ್ಟೇ ಹೊತ್ತು, ಅಷ್ಟೇ ಸುತ್ತು ಕಾಲಿನಿಂದ ತುಳಿದು ಮತ್ತೆ ಎಣಿಸಲಿ. ತನ್ನ ಹೊಸ ಗಾಡಿ ಶೇಕಡಾ ಎಷ್ಟು ಬೇಗ ಹೋದೀತೆಂದು ಅಂಕಿ ಬರೆದು ನಿಮ್ಮ ಕೈಗೆ ಕೊಡಲಿ.

ಇಷ್ಟಾದ ಮೇಲೂ ಉಮೇದು ಉಳಿದಿದ್ದರೆ ಗುಜರಿಯಿಂದ ಎರಡು ಹಳೆ ಸೈಕಲ್ ತಂದುಕೊಡಿ. ಮೂರು ಗಾಲಿಯದೇ ಮಾಡಲಿ. ಶಾಲೆಯ ಮೈದಾನದಲ್ಲಿ ಕಾಲಿನಿಂದ ಮಾತ್ರ ಮೂರು ಸಲ, ಕೈಕಾಲು ಸೇರಿಸಿ ಮೂರು ಸಲ ಓಡಿಸಿ ಸಮಯ ಬರೆದುಕೊಳ್ಳಲಿ. ಪ್ರದರ್ಶನದಲ್ಲಿ ಗಾಡಿಯ ಪಕ್ಕ ಆ ಅಂಕಿಗಳನ್ನೂ ಇಡಲಿ, ವ್ಯತ್ಯಾಸ ಸೊನ್ನೆ ಬಂದಿದ್ದರೂ ಸರಿ. ಬ್ರೇಕನ್ನು ಮಾತ್ರ ನೀವೇ ಒಮ್ಮೆ ಹಿಡಿದು ನೋಡಿ.